ಕೇಕಕ್ಕ ಬರೆದ ಹೆತ್ತಮ್ಮ

ಬೇಕರಿಯಲ್ಲಿ ಕೇಕುಗಳ ಮೇಲೆ ಹೆಸರು ಬರೆಯುವುದು ಅವಳ ಕೆಲಸ. ಹಾಗಾಗಿ ಬೀದಿಯವರಿಗೆಲ್ಲ ಅವಳು ಕೇಕಕ್ಕ. ಐಸಿಂಗಿಗೆ ಮೊಟ್ಟೆಯ ಬಿಳಿ ಮಾತ್ರ ಸಾಕು. ಒಡೆಯದೆ ಉಳಿದ ಹಳದಿಯನ್ನು ಮಾಲೀಕ ಡಬ್ಬಿಗೆ ಹಾಕಿ ಅವಳ ಕೈಗಿಡುತ್ತಿದ್ದ.

“ಬಿಳಿ ಗಿರಾಕಿಗಳಿಗೆ, ಹಳದಿ ನಿಮ್ಮ ದೇವರಿಗೆ. ಲೆಕ್ಕ ಸರಿಹೋಯ್ತಲ್ಲ,” ಎನ್ನುತ್ತಿದ್ದ.

ಮಾತು ತಮಾಷೆಯದಾದರೂ ಸುಳ್ಳಲ್ಲ. ಮನೆಗೆ ಬಂದು ಕೇಕಕ್ಕ ಆ ಹಳದಿಯ ತೆಳು ಪೊರೆ ಚುಚ್ಚಿ, ಒಳಗಿನದನ್ನು ಬಣ್ಣದ ಪುಡಿಗೆ ಬೆರೆಸಿ, ಮರದ ಹಲಗೆಯ ಮೇಲೆ ಐಕಾನುಗಳನ್ನು, ಅಂದರೆ ಸಂತರ ಪೂಜಾಪಟಗಳನ್ನು, ಬರೆಯುತ್ತಿದ್ದಳು. ಮದುವೆಗೆ ಮುಂಚೆ ಕನ್ಯಾಮಠದ ಸಿಸ್ಟರ್ ಒಬ್ಬರು ಹೇಳಿಕೊಟ್ಟ ವಿದ್ಯೆ ಅದು. ಕುಂಚ ಹಿಡಿಯುವ ಮುಂಚೆ ಪ್ರಾರ್ಥನೆ, ಮುಗಿದ ಮೇಲೆ ಪಟದ ಮೇಲೆ ಬರೆದವರ ಹೆಸರು ಹಾಕುವಂತಿಲ್ಲ. ಇವೆರಡನ್ನು ಅವಳು ಒಮ್ಮೆಯೂ ತಪ್ಪಿಸಿದವಳಲ್ಲ.

ಆ ವರ್ಷ ಚರ್ಚಿನ ಸೂರು ಸೋರಿ, ಪೀಠದ ಪಕ್ಕದಲ್ಲಿದ್ದ ಮರಿಯಮ್ಮನ ಪಟ ಹಾಳಾಯಿತು. ಅಚ್ಚಾದ ದೊಡ್ಡ ಪಟವೊಂದನ್ನು ತರಿಸೋಣವೆಂದು ಚರ್ಚಿನ ಸಮಿತಿಯ ಹಿರಿಯ ಹೇಳಿದ. ಅವನು ಕೇಕಕ್ಕನ ಗಂಡನ ಅಣ್ಣ. ಆದರೆ ಗುರುಗಳು ಅವಳ ಕಡೆ ತಿರುಗಿ, “ನಮ್ಮಲ್ಲೇ ಬರೆಯೋರು ಇರುವಾಗ ಹೊರಗಿಂದ ಯಾಕೆ?” ಎಂದರು. ಅವಳು ಆಗಲಿ ಎಂದು ತಲೆಯಾಡಿಸಿದಳು.

ಅಡುಗೆಮನೆಯ ಮೇಜೇ ಅವಳ ಕಾರ್ಖಾನೆಯಾಯಿತು. ಹಲಗೆಗೆ ಬಟ್ಟೆ ಅಂಟಿಸಿ, ಅಂಟು ಬೆರೆಸಿದ ಸೀಮೆಸುಣ್ಣವನ್ನು ಪದರ ಪದರವಾಗಿ ಬಳಿದು, ದಂತದಷ್ಟು ನುಣುಪಾಗುವವರೆಗೆ ಉಜ್ಜಿದಳು. ಪ್ರಭಾವಳಿಗೆ ಚಿನ್ನದ ರೇಕು ಕೂರಿಸುವಾಗ ಕಿಟಕಿ ಮುಚ್ಚಿ, ಫ್ಯಾನು ನಿಲ್ಲಿಸಿದಳು; ರೇಕು ಹಾರೀತೆಂದು ಅತ್ತೆಗೆ ಕೆಮ್ಮಲೂ ಅಪ್ಪಣೆ ಇರಲಿಲ್ಲ. ಮುಖಕ್ಕೆ ಮೊದಲು ಗಾಢವಾದ ಹಸಿರುಗಂದು, ಅದರ ಮೇಲೆ ಸ್ವಲ್ಪ ಸ್ವಲ್ಪವೇ ತಿಳಿ ಬಣ್ಣ. ಕತ್ತಲೆಯೊಳಗಿಂದ ಯಾರೋ ದೀಪ ಹಿಡಿದು ಹೊಸ್ತಿಲಿಗೆ ಬಂದಂತೆ ಆ ಮುಖ ದಿನದಿನಕ್ಕೆ ಬೆಳಗಿತು.

ಅತ್ತೆ ಜಪಸರ ಹಿಡಿದು ಎದುರಿಗೇ ಕೂತಿರುತ್ತಿದ್ದಳು. “ಮೂಗು ಯಾಕೆ ಇಷ್ಟುದ್ದ? ಇಂಥ ಮೂಗಿನ ಹುಡುಗೀನ ನಾನು ಮನೆ ತುಂಬಿಸ್ಕೋತಿರ್ಲಿಲ್ಲ,” ಎಂದಳು.

“ಐಕಾನಿನಲ್ಲಿ ಹಾಗೇ ಇರ್ಬೇಕು ಅತ್ತೆ. ಅದು ರೂಢಿ.”

“ರೂಢಿ ಇರ್ಲಿ. ಸೆರಗು ಮಾತ್ರ ಸರಿಯಾಗಿ ಹೊದಿಸು. ನಮ್ಮಮ್ಮ ಕಿವಿ ಹಿಂದೆ ಸಿಗಿಸ್ಕೋತಿದ್ಲು, ಹಾಗೆ.”

ಕೇಕಕ್ಕ ಹಾಗೆಯೇ ಹೊದಿಸಿದಳು. ಕೊನೆಗೆ ಉಳಿದದ್ದು ಪಟದಲ್ಲಿರುವವಳ ಹೆಸರು. ಹೆಸರು ಬರೆಯದೆ ಐಕಾನ್ ಪೂರ್ತಿಯಾಗುವುದಿಲ್ಲ. ಅತ್ತೆ ಜಪದಲ್ಲಿ ‘ದೇವಮಾತೆ’ ಎನ್ನದೆ ‘ದೇವರ ಹೆತ್ತಮ್ಮ’ ಎನ್ನುತ್ತಿದ್ದಳು, ಅವಳ ತಾಯಿಯೂ ಹಾಗೆಯೇ ಅಂದವಳು. ಕೇಕಕ್ಕ ಆ ಎರಡು ಪದಗಳನ್ನು ಊರಿನ ಲಿಪಿಯಲ್ಲಲ್ಲ, ತಮ್ಮ ಮನೆಮಾತಿನ ಲಿಪಿಯಲ್ಲಿ, ಕೆಂಪು ಬಣ್ಣದಲ್ಲಿ ಬರೆಯತೊಡಗಿದಳು.

ಅದೇ ಹೊತ್ತಿಗೆ ಭಾವ ಬಂದ. ಪಟ ನೋಡಿ ಶಿಲುಬೆಯ ಗುರುತು ಹಾಕಿಕೊಂಡ. ಆಮೇಲೆ ಅಕ್ಷರಗಳು ಕಂಡವು.

“ಇದನ್ನ ಅಳಿಸು. ಊರಿನವರ ಲಿಪೀಲಿ ಬರಿ.”

ಅವರ ಹಿರಿಯರು ಗಿರಣಿ ಕೆಲಸಕ್ಕೆಂದು ಬೇರೆ ಭಾಷೆಯ ಆ ಊರಿಗೆ ಬಂದವರು. ಹುಡುಗನಾಗಿದ್ದಾಗ ತನ್ನ ಭಾಷೆಯಿಂದಾಗಿ ಶಾಲೆಯಲ್ಲಿ ನಗೆಪಾಟಲಾದವನು ಭಾವ. ಮಕ್ಕಳಿಗೆ ಆ ಪಾಡು ಬೇಡವೆಂದು ಚರ್ಚಿನಲ್ಲಿ ತಮ್ಮ ಭಾಷೆಯ ಹಾಡು, ಪ್ರಾರ್ಥನೆ ನಿಲ್ಲಿಸಿದವನೂ ಅವನೇ.

“ನಮ್ಮ ಅಕ್ಷರಾನೇ ಇರ್ಲಿ ಭಾವ,” ಎಂದಳು ಕೇಕಕ್ಕ.

“ಯಾರು ಓದ್ತಾರೆ? ನನ್ನ ಮಕ್ಕಳಿಗೇ ಬರಲ್ಲ.”

“ಓದೋಕೆ ಬರ್ದೇ ಇದ್ರೆ ಏನಂತ ಕೇಳ್ತಾರೆ. ನಾವು ಬರೀದೇ ಇದ್ರೆ ಕೇಳೋದೂ ಇಲ್ಲ.”

“ನಾವು ಬೇರೆಯವರು ಅಂತ ಡಂಗುರ ಹೊಡಿಬೇಕಾ?”

“ಇಲ್ಲ. ದಿನಾ ಕೇಕಿನ ಮೇಲೆ ಹತ್ತು ಜನರ ಮಕ್ಕಳ ಹೆಸರು ಅವರವರಿಗೆ ಬೇಕಾದ ಹಾಗೆ ಬರಿತೀನಿ. ನಮ್ಮಮ್ಮನ ಹೆಸರು ಒಂದ್ಸಲ ನಮ್ಮ ಹಾಗೆ ಬರಿತೀನಿ, ಅಷ್ಟೇ.”

ಭಾವ ಮುಖ ಗಂಟಿಕ್ಕಿಕೊಂಡು ಹೋದ. ಅವಳು ಅಲ್ಲಿಯವರೆಗೆ ಹಿರಿಯರಿಗೆ ಎದುರಾಡಿದವಳೇ ಅಲ್ಲ. ಕುಂಚ ಕೆಳಗಿಟ್ಟು, “ತಪ್ಪಾಯ್ತಾ ಅತ್ತೆ?” ಎಂದು ಕೇಳಿದಳು.

“ಅವನು ನಾನು ಹೆತ್ತವನು. ಸಿಟ್ಟು ಬಂದ್ರೆ ಎರಡು ಊಟ ಬಿಡ್ತಾನೆ, ಮೂರನೇದು ಬಿಡಲ್ಲ. ನೀನು ಬರಿ,” ಎಂದಳು ಅತ್ತೆ. ಕೇಕಕ್ಕನಿಗೆ ನಗು ಬಂತು. ನಗುತ್ತಲೇ ಕುಂಚ ಎತ್ತಿಕೊಂಡಳು.

ಭಾನುವಾರ ಚರ್ಚಿನಲ್ಲಿ ಬಲಿಪೂಜೆಯ ಪ್ರಾರ್ಥನೆ ಮುಗಿದ ನಂತರ ಗುರುಗಳು ಪಟದ ಮೇಲಿನ ಬಟ್ಟೆ ಸರಿಸಿದರು. ಕಿವಿಯ ಹಿಂದೆ ಸೆರಗು ಸಿಗಿಸಿಕೊಂಡು, ಮಗುವಿನ ಕೆನ್ನೆಗೆ ಕೆನ್ನೆ ತಾಗಿಸಿ, ಮರಿಯಮ್ಮ ಎಲ್ಲರನ್ನೂ ನೋಡುತ್ತಿದ್ದಳು. ಮುದುಕಿಯರು ತಮಗೆ ತಿಳಿಯದೆಯೇ ಮೊಣಕಾಲೂರಿದರು.

ಗುರುಗಳು ಬೇರೆ ಕಡೆಯವರು, ಆ ಲಿಪಿ ಅವರಿಗೆ ಬಾರದು. ಮುಂದಿನ ಸಾಲಿನಲ್ಲಿ ಕೂತಿದ್ದ ಭಾವನನ್ನೇ ಕರೆದು, “ಹಿರಿಯರೇ, ಇಲ್ಲೇನು ಬರೆದಿದೆ? ಗಟ್ಟಿಯಾಗಿ ಓದಿ, ಆಮೇಲೆ ಆಶೀರ್ವದಿಸ್ತೀನಿ,” ಎಂದರು.

ಭಾವ ಎದ್ದು ಹತ್ತಿರ ಹೋದ. ಕನ್ನಡಕ ಏರಿಸಿ ಅಕ್ಷರಗಳನ್ನು ಒಂದೊಂದಾಗಿ ನೋಡಿದ. “ದೇವರ,” ಎಂದ. ತಿರುಗಿ, ಗೋಡೆಗೊರಗಿ ಕೂತಿದ್ದ ತನ್ನ ತಾಯಿಯನ್ನು ನೋಡಿದ. “ದೇವರ ಹೆತ್ತಮ್ಮ,” ಎಂದು ಪೂರ್ತಿ ಓದಿದ. ಹಿಂದಿನ ಸಾಲುಗಳಿಂದ ಹಳಬರ ದನಿಗಳು ಅದನ್ನೇ ಮೆಲ್ಲಗೆ ಮತ್ತೆ ಅಂದವು.

ಹೊರಗೆ ಅಂಗಳದಲ್ಲಿ ಅವನು ಕೇಕಕ್ಕನ ಮುಂದೆ ಬಂದು ನಿಂತ. ಹೊಗಳುವುದು ಅವನಿಗೆ ಬಾರದ ವಿದ್ಯೆ. “‘ಹೆ’ ಚೆನ್ನಾಗಿ ಬಂದಿದೆ. ನನಗೆ ಅದು ಯಾವತ್ತೂ ಸೊಟ್ಟಗೇ ಬರ್ತಿತ್ತು,” ಎಂದು ಹೇಳಿ, ಚಪ್ಪಲಿ ಹುಡುಕುವ ನೆಪದಲ್ಲಿ ಅತ್ತ ಹೋದ.

ಅವನ ಕಿರಿ ಮಗಳು ಮಾತ್ರ ಪಟದ ಮುಂದೆಯೇ ಉಳಿದಿದ್ದಳು. ಕೇಕಕ್ಕ ಒಳಗೆ ಹೋದಾಗ ಅವಳು ತೋರುಬೆರಳಿನಿಂದ ಗಾಳಿಯಲ್ಲಿ ಆ ಕೆಂಪು ಗೆರೆಗಳನ್ನು ತಿದ್ದುತ್ತಿದ್ದಳು. “ಇದು ಎಲ್ಲಿಂದ ಶುರು ಚಿಕ್ಕಮ್ಮ?” ಎಂದು ಕೇಳಿದಳು. ಕೇಕಕ್ಕ ಅವಳ ಕೈ ಹಿಡಿದು, ಎಲ್ಲಿಂದ ಎಂದು ತೋರಿಸಿದಳು.