ಅಮ್ಮ ಓದಬಾರದ ಪುಸ್ತಕ

ಪುಸ್ತಕ ಬರೆದವರಿಗೆಲ್ಲ ಇರುವುದು ಒಂದೇ ಹುಚ್ಚು, ಊರೆಲ್ಲ ಓದಬೇಕು ಅನ್ನುವುದು. ಥಂಗಮಣಿಗೆ ಆ ಹುಚ್ಚಿನ ಜೊತೆಗೆ ಒಂದು ಹೆದರಿಕೆಯೂ ಅಂಟಿಕೊಂಡಿತ್ತು. ಊರೆಲ್ಲ ಓದಲಿ, ಲಕ್ಷ ಜನ ಓದಲಿ, ಅಮ್ಮ ಒಬ್ಬಳು ಮಾತ್ರ ಓದಬಾರದು! ಇದು ಆಗುವ ಹೋಗುವ ಮಾತೇ? ಅವಳ ಅಮ್ಮ ಗೌರಿಕ್ಕುಟ್ಟಿಯೋ, ಮೀನು ಸುತ್ತಿ ತಂದ ಕಾಗದವನ್ನೂ ಬಿಡಿಸಿ, ಒರೆಸಿ, ಓದಿ, ಆಮೇಲೆ ಒಲೆಗೆ ಹಾಕುವ ಹೆಂಗಸು. ವಯಸ್ಸು ಎಂಬತ್ತರ ಹತ್ತಿರ ಬಂದರೂ ಭೂತಗನ್ನಡಿ ಹಿಡಿದು ಕೂತಳೆಂದರೆ ಗಂಜಿ ಆರಿ ಹೋದರೂ ಏಳುವವಳಲ್ಲ.

ಥಂಗಮಣಿ ಸರಕಾರಿ ಬಸ್ಸಿನಲ್ಲಿ ಕಂಡಕ್ಟರ್. ವೈಕಂನಿಂದ ಆಲಪ್ಪುಳಕ್ಕೆ, ಆಲಪ್ಪುಳದಿಂದ ವೈಕಂಗೆ. ಐವತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ಯಾಕೆ ಎಂದು ಕೇಳುವವರೂ ಈಗ ಉಳಿದಿರಲಿಲ್ಲ. ಡಿಪೋದಲ್ಲಿ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಅಷ್ಟಷ್ಟೇ ಬರೆದು ಒಂದು ಕಾದಂಬರಿ ಮುಗಿಸಿದ್ದಳು. ಹೆಸರು 'ಅಗುಳಿ'.

ಅದರೊಳಗೆ ಇದ್ದದ್ದು ಅವಳದೇ ಕತೆ. ಅವಳಿಗೆ ಹದಿನಾಲ್ಕು ವರ್ಷವಾಗಿದ್ದಾಗ ಅಪ್ಪ ಭಾರ್ಗವನ್ ಹಿತ್ತಿಲ ತೋಡಿನಲ್ಲಿ, ಮನೆ ಹಿಂದಿನ ಸಣ್ಣ ಕಾಲುವೆಯಲ್ಲಿ, ಮುಳುಗಿ ಸತ್ತ. ಶೇಂದಿ ಅಂಗಡಿಯಿಂದ ಬರುವಾಗ ತೋಡು ದಾಟುವ ಸಂಕದ ಮೇಲೆ ಕಾಲು ಜಾರಿತು ಎಂದು ಊರು ಹೇಳಿತು. ಊರು ಹೇಳಿದ್ದು ಸುಳ್ಳೇನಲ್ಲ. ಆದರೆ ಅವನು ನೀರಿನಿಂದ "ಮಣೀ... ಮಣೀ..." ಎಂದು ಕೂಗಿದ್ದು ಥಂಗಮಣಿಗೆ ಕೇಳಿಸಿತ್ತು. ಎದ್ದು ಹಿಂಬಾಗಿಲಿಗೆ ಹೋದಳು, ಅಗುಳಿಯ ಮೇಲೆ ಕೈಯಿಟ್ಟಳು. ಅವತ್ತು ಸಂಜೆ ಅಪ್ಪ ಅಮ್ಮನ ಜುಟ್ಟು ಹಿಡಿದು ಗೋಡೆಗೆ ಬಡಿದದ್ದು ಕಣ್ಣ ಮುಂದೆ ಬಂತು. ಅಗುಳಿ ತೆಗೆಯಲಿಲ್ಲ. ತಿರುಗಿ ಬಂದು, ನಿದ್ದೆ ಹೋಗಿದ್ದ ಅಮ್ಮನ ಮಗ್ಗುಲಲ್ಲಿ ಮಲಗಿ ಎರಡೂ ಕಿವಿ ಮುಚ್ಚಿಕೊಂಡಳು.

ಪ್ರತಿ ವರ್ಷ ಕರ್ಕಾಟಕ ತಿಂಗಳ ಅಮಾವಾಸ್ಯೆಗೆ ಗಂಡನಿಗೆ ಪಿಂಡವಿಡುವಾಗ ಗೌರಿಕ್ಕುಟ್ಟಿ ತಪ್ಪದೆ ಒಂದು ಮಾತು ಹೇಳುತ್ತಿದ್ದಳು. "ಒಂದು ಕೂಗು ಹಾಕಬಾರದಿತ್ತಾ ಈ ಮನುಷ್ಯ? ನಾವು ಓಡಿ ಬರ್ತಿರಲಿಲ್ವಾ?" ಆ ಮಾತಿಗೆ ಥಂಗಮಣಿ ತಲೆಯೆತ್ತದೆ ಪಿಂಡಕ್ಕೆ ನೀರು ಬಿಡುತ್ತಿದ್ದಳು. ಅಮ್ಮನಿಗೆ ಹೇಳಲಾಗದ್ದನ್ನು ಅವಳು ಜಗತ್ತಿಗೆ ಹೇಳಲು ಹೊರಟಿದ್ದಳು. ತಿಕ್ಕಲು ಅನ್ನಿ, ಏನು ಬೇಕಾದರೂ ಅನ್ನಿ, ಬರೆಯುವವರ ಬುದ್ಧಿಯೇ ಅಷ್ಟು.

ಹಸ್ತಪ್ರತಿ ಹಿಡಿದು ಕೋಟ್ಟಯಂಗೆ ಹೋದಾಗ ಪ್ರಕಾಶಕ ವರ್ಕಿಚ್ಚನ್ ಕನ್ನಡಕ ಹಣೆಗೇರಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದ.

"ನೋಡಿ ಕಂಡಕ್ಟರೇ, ಬರವಣಿಗೆ ಚೆನ್ನಾಗಿದೆ. ಆದ್ರೆ ಇಲ್ಲಿ ಬರೋರೆಲ್ಲ ಮನಸ್ಸಲ್ಲೇ ಇಪ್ಪತ್ತು ಮುದ್ರಣ ಮುಗಿಸ್ಕೊಂಡೇ ಬರ್ತಾರೆ. ನಿಮಗೆಷ್ಟು ಆಸೆ?"

"ಒಂದು... ಹತ್ತು ಸಾವಿರ?"

ವರ್ಕಿಚ್ಚನ್ ನಕ್ಕ ನಗೆಗೆ ಅವನ ಚಹಾ ಚೆಲ್ಲಿತು. "ಹತ್ತು ಸಾವಿರ ಟಿಕೀಟು ಹರಿದಷ್ಟು ಸುಲಭ ಅಂದ್ಕೊಂಡ್ರಾ! ನಾನು ಅಚ್ಚು ಹಾಕೋದು ಮುನ್ನೂರು. ನೂರು ನಿಮ್ಮ ನೆಂಟರು ತಗೊಳ್ತಾರೆ, ಓದಲ್ಲ. ಐವತ್ತು ವಿಮರ್ಶಕರಿಗೆ ಪುಕ್ಕಟೆ ಕಳಿಸ್ತೀನಿ, ಅವರೂ ಓದಲ್ಲ. ಮಿಕ್ಕಿದ್ದು ನನ್ನ ಗೋದಾಮಿನ ಗೆದ್ದಲಿಗೆ. ಅದೊಂದೇ ನೋಡಿ, ಒಂದು ಪುಟಾನೂ ಬಿಡದೆ ಮುಗಿಸೋದು."

"ನನ್ನ ಹೆಸರು ಹಾಕಬೇಡಿ. ತೋಟುಕರ ರೇವತಿ ಅಂತ ಹಾಕಿ."

"ಅಯ್ಯೋ ಕರ್ತನೇ! ಇದ್ದ ನೆಂಟರನ್ನೂ ಕಳ್ಕೊಂಡ್ರಲ್ಲ ಮಾರಾಯ್ತಿ!"

ಥಂಗಮಣಿ ಪೆಚ್ಚಾದಳು. ಇಷ್ಟು ವರ್ಷದ ಹೊರೆ ಇಳಿಸಿದ ಪುಸ್ತಕವನ್ನು ಗೆದ್ದಲು ತಿನ್ನುವುದೇ? ಆದರೆ ವಾಪಸು ಬರುವ ದಾರಿಯಲ್ಲಿ ಅದೇ ಮಾತು ಸಮಾಧಾನವನ್ನೂ ಕೊಟ್ಟಿತು. ಯಾರೂ ಓದದ ಪುಸ್ತಕವನ್ನು ಅಮ್ಮನೂ ಓದುವುದಿಲ್ಲ.

ಪುಸ್ತಕ ಬಂತು. ಒಂದು ಎಲೆಯೂ ಅಲುಗಾಡಲಿಲ್ಲ. ಆಲಪ್ಪುಳದ ಪುಸ್ತಕದಂಗಡಿಗೆ ಗಿರಾಕಿಯ ಹಾಗೆ ಹೋಗಿ, "ತೋಟುಕರ ರೇವತಿಯ ಅಗುಳಿ ಇದೆಯಾ?" ಎಂದು ಕೇಳಿದರೆ, "ಯಾವ ರೇವತಿ?" ಎಂದ ಅಂಗಡಿಯವನು. ಆ ಮಾತಿಗೆ ಅಳುವೂ ಬಂತು, ಉಸಿರೂ ಸಲೀಸಾಯಿತು. ತನಗೆ ಬಂದ ಪ್ರತಿಗಳನ್ನು ಅವಳು ಡಿಪೋದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಳು.

ಎಂಟು ತಿಂಗಳ ಮೇಲೆ, ಆಲಪ್ಪುಳ ನಿಲ್ದಾಣದಲ್ಲಿ ಬುತ್ತಿ ಬಿಚ್ಚುವ ಹೊತ್ತಿಗೆ, ವರ್ಕಿಚ್ಚನ್ ಫೋನ್ ಮಾಡಿದ.

"ಕಂಡಕ್ಟರೇ, ಖುಷಿ ಸುದ್ದಿ! ಆದ್ರೆ ತಲೆಗೇರಿಸ್ಕೋಬೇಡಿ, ಅಂಥ ದೊಡ್ಡದೇನಲ್ಲ. ಗ್ರಂಥಾಲಯದವರ ಪುಸ್ತಕ ಮೇಳ ಆಯ್ತಲ್ಲ, ಅಲ್ಲಿ ನಿಮ್ಮ ಕಡೆ ಹಳ್ಳಿ ಗ್ರಂಥಾಲಯದವರೆಲ್ಲ ಒಂದೊಂದು ಪ್ರತಿ ಒಯ್ದಿದ್ದಾರೆ."

"ಯಾವ ಹಳ್ಳಿಯವರು?"

"ಎಲ್ಲಾ ಹಳ್ಳಿಯವರೂ! ತೋಡು, ಬತ್ತದ ಗದ್ದೆ ಅಂದ್ರೆ ಅವರಿಗೆ ಪ್ರೀತಿ ಅಲ್ವಾ. ಎರಡು ತಿಂಗಳಾಯ್ತು, ಹೇಳೋಕೆ ಮರೆತಿದ್ದೆ. ಹಲೋ? ಕಂಡಕ್ಟರೇ? ಇದ್ದೀರಾ?"

ಅವಳು ಇದ್ದಳು, ಆದರೆ ಮನಸ್ಸು ಆಗಲೇ ಊರಿಗೆ ಓಡಿತ್ತು. ಬುತ್ತಿಯನ್ನು ಹಾಗೇ ಮುಚ್ಚಿದಳು. ಊರ ಗ್ರಂಥಾಲಯದ ಲತಿಕ ವಾರವಾರವೂ ಚೀಲದಲ್ಲಿ ಪುಸ್ತಕ ತುಂಬಿಕೊಂಡು ಮನೆಮನೆಗೆ ಹೋಗುತ್ತಾಳೆ, ಹೊಸ ಪುಸ್ತಕ ಬಂದರೆ ಗೌರಿಕ್ಕುಟ್ಟಿಗೆ ತಪ್ಪದೆ ಕೊಡುತ್ತಾಳೆ. ಎರಡು ತಿಂಗಳು! ಲತಿಕಳಿಗೆ ಫೋನ್ ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದಳು, ಎತ್ತಲಿಲ್ಲ. ಅಷ್ಟರಲ್ಲಿ ಚಾಲಕ ಸುಗುಣನ್ ಹಾರ್ನ್ ಬಾರಿಸಿದ.

ಆ ಮಧ್ಯಾಹ್ನದ ಪ್ರಯಾಣ ಅವಳ ಪಾಲಿಗೆ ನರಕವಾಯಿತು. ಪುಸ್ತಕದಲ್ಲಿ ಹೆಸರು ಬದಲಿಸಿದ್ದಳು, ನಿಜ. ಆದರೆ ತೆಂಗಿನ ದಿಮ್ಮಿಯ ಸಂಕ ಬದಲಿಸಿರಲಿಲ್ಲ, ಗೋಡೆಗೆ ಹತ್ತಿದ ರಕ್ತದ ಕಲೆಯನ್ನು ಬದಲಿಸಿರಲಿಲ್ಲ. ಅಮ್ಮನಿಗೆ ಮೊದಲ ಪುಟದಲ್ಲೇ ತಿಳಿಯುತ್ತದೆ. ತಿಳಿದ ಮೇಲೆ ಏನು ಮಾಡುತ್ತಾಳೆ? "ನನ್ನ ಗಂಡನ್ನ ಕೊಂದವಳ ಕೈಯಿಂದ ಅನ್ನ ಉಂಡೆನಲ್ಲ" ಎಂದು ಬಡಿದುಕೊಳ್ಳುತ್ತಾಳಾ? ಮಾತು ಬಿಡುತ್ತಾಳಾ? ಎದೆ ಒಡೆದು ಸತ್ತರೆ? ಥಂಗಮಣಿ ಚೇರ್ತಲಕ್ಕೆ ಕೇಳಿದವರಿಗೆ ವೈಕಂಗೆ ಟಿಕೀಟು ಕೊಟ್ಟಳು, ವೈಕಂನವರಿಗೆ ಚೇರ್ತಲದ್ದು ಕೊಟ್ಟಳು.

"ಏನಾಯ್ತು ಚೇಚಿ?" ಎಂದ ಸುಗುಣನ್, ಅಕ್ಕನನ್ನು ಕೇಳಿದ ಹಾಗೆ. "ದೆವ್ವ ಹತ್ತಿದೆಯಾ? ಹತ್ತಿದ್ರೆ ಅದಕ್ಕೂ ಟಿಕೀಟು ಕೊಡಿ."

ಅವಳು ತಪ್ಪು ಟಿಕೀಟುಗಳನ್ನು ವಾಪಸು ಇಸಿದುಕೊಳ್ಳಲು ಹಿಂದಿನ ಸೀಟುಗಳಿಗೆ ಹೋದಳು.

ಸಂಜೆ ಪಾಳಿ ಮುಗಿದು ಊರಲ್ಲಿ ಇಳಿದವಳೇ ಗ್ರಂಥಾಲಯಕ್ಕೆ ಓಡಿದಳು. ಮನಸ್ಸಿನಲ್ಲಿ ಲೆಕ್ಕ ಸಿದ್ಧವಾಗಿತ್ತು. ಪುಸ್ತಕವನ್ನು ತಾನೇ ಎರವಲು ಪಡೆಯುವುದು, ಕಳೆದುಹೋಯಿತು ಎಂದು ದಂಡ ಕಟ್ಟುವುದು. ತನ್ನ ಪುಸ್ತಕವನ್ನು ತಾನೇ ಕದಿಯುವ ಗತಿ ಯಾವ ಶತ್ರುವಿಗೂ ಬೇಡ! ಲತಿಕ ಕಿಟಕಿಗಳನ್ನು ಮುಚ್ಚುತ್ತಿದ್ದಳು.

"ಅಗುಳಿಯಾ?" ಅವಳ ಮುಖ ಅರಳಿತು. "ನಿಮ್ಮ ಕಿವಿಗೂ ಬಿತ್ತಾ! ಅಯ್ಯೋ ಚೇಚಿ, ನಿಮಗೆ ಸಿಗೋದು ಓಣಂ ಕಳೆದ ಮೇಲೇನೇ. ಅದು ಬಂದಾಗಿಂದ ಈ ಕಪಾಟಿನ ಮುಖಾನೇ ನೋಡಿಲ್ಲ. ಒಂದು ಅಡಿಗೆಮನೆಯಿಂದ ಇನ್ನೊಂದು ಅಡಿಗೆಮನೆಗೆ ಹೋಗ್ತಾನೇ ಇದೆ. ಮೀನುಸಾರು ಚೆಲ್ಲಿ, ಹೊಲಿಗೆ ಬಿಟ್ಟು, ನಾನೇ ಎರಡು ಸಲ ದಾರ ಹಾಕಿದೆ. ಓದಿದೋರೆಲ್ಲ ಅಳ್ತಾರೆ, ಆಮೇಲೆ 'ಅವನಿಗೆ ಹಂಗೇ ಆಗಬೇಕಿತ್ತು' ಅಂತಾರೆ."

ಕೊಂಡವರು ಒಬ್ಬರೂ ಇಲ್ಲ, ಓದಿದವರು ಊರು ತುಂಬ! ಅಷ್ಟು ಭಯದ ನಡುವೆಯೂ ಥಂಗಮಣಿಯ ಎದೆಯಲ್ಲಿ ಒಂದು ಚೂರು ಹಿಗ್ಗು ಎದ್ದಿತು. ಮರುಗಳಿಗೆಗೆ ಅದಕ್ಕೆ ಅವಳೇ ನಾಚಿದಳು.

"ಈಗ ಯಾರ ಹತ್ರ ಇದೆ?"

"ಒಳ್ಳೆ ಕತೆ! ನಿಮ್ಮ ಅಮ್ಮನ ಹತ್ರಾನೇ ಇದೆ. ಅವರದು ಎರಡು ದಿನದ ಕೆಲಸ ಅಲ್ವಾ, ಈ ಸಲ ವಾರ ಕಳೆದರೂ ಕೊಟ್ಟಿಲ್ಲ. ಕೇಳಿದ್ರೆ 'ಇರ್ಲಿ ಬಿಡು, ಇನ್ನೊಂದು ಸಲ ಓದಬೇಕು' ಅಂದ್ರು."

ಒಂದು ವಾರ! ಒಂದು ವಾರದಿಂದ ಅಮ್ಮ ಬೆಳಿಗ್ಗೆ ಅಕ್ಕಿಹಿಟ್ಟಿನ ಪುಟ್ಟು ಬೇಯಿಸಿ ಕೊಟ್ಟಿದ್ದಾಳೆ, ಬಸ್ಸಿಗೆ ತಡವಾಯಿತು ಎಂದು ಗದರಿದ್ದಾಳೆ. ಒಂದು ಮಾತು ಆಡಿಲ್ಲ.

ಥಂಗಮಣಿ ಮನೆ ಮುಟ್ಟಿದಾಗ ದೀಪ ಹಚ್ಚಿರಲಿಲ್ಲ. ಜಗಲಿಯ ಕುರ್ಚಿ ಖಾಲಿ. "ಅಮ್ಮಾ" ಎಂದಳು. ಕೋಣೆಯಲ್ಲಿ ಇಲ್ಲ, ಅಡಿಗೆಮನೆಯಲ್ಲಿ ಇಲ್ಲ. ಹಿಂಬಾಗಿಲು ಹಾರು ಹೊಡೆದಿತ್ತು. ಅದರಾಚೆಗೆ ತೋಡು. "ಅಮ್ಮಾ!" ಎಂದು ಕಿರುಚಿಕೊಂಡು ಓಡಿದಳು.

ಗೌರಿಕ್ಕುಟ್ಟಿ ಹಿತ್ತಿಲ ಮೆಟ್ಟಿಲ ಮೇಲೆ ನೀರಿಗೆ ಮುಖ ಮಾಡಿ ಕೂತಿದ್ದಳು. ಮಡಿಲಲ್ಲಿ ಪುಸ್ತಕ.

"ಯಾಕೆ ಹಂಗೆ ಬಡ್ಕೊಳ್ತೀಯ? ಕಿವುಡಿಯಾ ನಾನು? ಬಾ, ಕೂತ್ಕೋ."

ಥಂಗಮಣಿ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಈ ರೇವತಿ ಅನ್ನೋಳು ಚೆನ್ನಾಗಿ ಬರೀತಾಳೆ," ಎಂದಳು ಗೌರಿಕ್ಕುಟ್ಟಿ. "ಅಕ್ಷರ ಸಣ್ಣದಾಯ್ತು, ನನ್ನಂಥ ಮುದುಕೀರ ಕಣ್ಣು ಹೋಗತ್ತೆ. ಆದ್ರೂ ಚೆನ್ನಾಗಿದೆ. ಒಂದೇ ಒಂದು ಕಡೆ ತಪ್ಪು ಮಾಡಿದ್ದಾಳೆ."

"ಎಲ್ಲಿ?"

"ತಾಯಿ ನಿದ್ದೆ ಹೋಗಿದ್ಲು ಅಂತ ಬರೆದಿದ್ದಾಳೆ." ಗೌರಿಕ್ಕುಟ್ಟಿ ತಿರುಗಿ ನೋಡಲಿಲ್ಲ. "ಗಂಡ ಮನೆಗೆ ಬಂದಿಲ್ಲ, ಬಂದ್ರೆ ಮತ್ತೆ ಹೊಡೀತಾನೆ. ಅಂಥ ಮನೇಲಿ ಯಾವ ಹೆಂಗಸು ನಿದ್ದೆ ಮಾಡ್ತಾಳೆ, ಹೇಳು?"

ತೋಡಿನ ಆಚೆ ಬಾತುಗಳನ್ನು ಯಾರೋ ಮನೆಗೆ ಅಟ್ಟುತ್ತಿದ್ದರು. ಥಂಗಮಣಿ ಚೌಕಟ್ಟು ಬಿಟ್ಟು ಕೆಳಗಿಳಿದಳು. ಅಮ್ಮನ ಹಿಂದಿನ ಮೆಟ್ಟಿಲಿನಲ್ಲಿ ಕೂತಳು.

"ಅವನು ಆ ಹುಡುಗಿಯ ಹೆಸರನ್ನೇ ಕೂಗ್ತಾ ಮುಳುಗಿದ ಅಂತ ಬರೆದಿದ್ದಾಳೆ. ಅದೂ ತಪ್ಪು. ಪಾಪ, ಮಗು ಕಿವಿ ಮುಚ್ಚಿಕೊಂಡಿತ್ತಲ್ಲ, ಅದಕ್ಕೆ ಕೇಳಿಸಲಿಲ್ಲ. ಕೊನೆಗೆ ಅವನು ಕೂಗಿದ್ದು 'ಗೌರೀ' ಅಂತ." ಅವಳು ಪುಸ್ತಕದ ಬಿಟ್ಟ ಹೊಲಿಗೆಯನ್ನು ಬೆರಳಿನಿಂದ ಒತ್ತಿದಳು. "ನಾನು ಮಗ್ಗುಲು ಬದಲಾಯಿಸಿ ಮಲಗಿದೆ."

ಥಂಗಮಣಿ ಅಮ್ಮನ ಬೆನ್ನಿಗೆ ಹಣೆಯಿಟ್ಟು ಅತ್ತಳು. ಮೂವತ್ತೇಳು ವರ್ಷ ಅವಳು ಒಬ್ಬಳೇ ಹೆದರಿದ್ದಳು. ಪಕ್ಕದ ಚಾಪೆಯಲ್ಲೇ ಇನ್ನೊಬ್ಬಳೂ ಹಾಗೇ ಹೆದರಿಕೊಂಡು ಬದುಕಿದ್ದಳು, ಮಗಳಿಗೆ ಗೊತ್ತಾಗಬಾರದು ಎಂದು ಪ್ರತಿ ವರ್ಷ ಪಿಂಡದ ಮುಂದೆ ಸುಳ್ಳಾಡಿದ್ದಳು.

"ಎರಡನೇ ಮುದ್ರಣ ಅಂತ ಹಾಕ್ತಾರಲ್ಲ," ಎಂದಳು ಗೌರಿಕ್ಕುಟ್ಟಿ, ಸೆರಗಿನಿಂದ ಮೂಗು ಒರೆಸಿಕೊಂಡು. "ಅದರಲ್ಲಿ ತಿದ್ದಿ ಹಾಕೋಕೆ ಹೇಳು."

"ಎರಡನೇ ಮುದ್ರಣ ಬರಲ್ಲಮ್ಮ. ಅದನ್ನ ಯಾರೂ ಕೊಳ್ಳಲ್ಲ."

ಗೌರಿಕ್ಕುಟ್ಟಿ ಪುಸ್ತಕ ಮುಚ್ಚಿದಳು. "ಹಂಗಾದ್ರೆ ಒಳ್ಳೇದೇ ಆಯ್ತು ಬಿಡು," ಎಂದು ಹಿಂದಕ್ಕೆ ಕೈಚಾಚಿ ಮಗಳ ಕೈ ಹುಡುಕಿದಳು. "ನಮ್ಮಿಬ್ಬರಿಗೆ ಗೊತ್ತಿದ್ರೆ ಸಾಕು."