ಎಡಗಾಲಿ ಕುಣಿಯಿತು, ಬಲಗಾಲಿ ನಿಂತಿತು

ನಾನೊಂದು ಡಿಫರೆನ್ಷಿಯಲ್. ಹೆಸರು ಕೇಳಿ ಹೆದರಬೇಡಿ. ಜೀಪಿನ ಹಿಂದೆ ಬಗ್ಗಿ ನೋಡಿದರೆ ಎರಡು ಗಾಲಿಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿದ ಕಬ್ಬಿಣದ ಹೊಟ್ಟೆಯೊಂದು ಕಾಣುತ್ತದಲ್ಲ, ಅದರೊಳಗಿನ ಹಲ್ಲುಚಕ್ರಗಳ ಸಂಸಾರವೇ ನಾನು. ಯಾರೂ ಬಗ್ಗಿ ನೋಡುವುದಿಲ್ಲ, ಆ ಮಾತು ಬೇರೆ. ಜೀಪು ಕೊಳ್ಳುವವರು ಬಣ್ಣ ನೋಡುತ್ತಾರೆ, ಹಾರ್ನ್ ಒತ್ತುತ್ತಾರೆ, ಸೀಟಿನ ಮೇಲೆ ಕೂತು ಕುಪ್ಪಳಿಸುತ್ತಾರೆ. ನನ್ನ ಸುದ್ದಿ ತೆಗೆಯುವುದು ಏನಾದರೂ ಕೆಟ್ಟಾಗ ಮಾತ್ರ.

ನಾನು ಹುಟ್ಟಿದ್ದು ದೊಡ್ಡದೊಂದು ಕಾರ್ಖಾನೆಯಲ್ಲಿ. ಉಕ್ಕನ್ನು ಕೆಂಪಗೆ ಕಾಯಿಸಿ, ಒಂದೊಂದೇ ಹಲ್ಲು ಕೊರೆದು, ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದರು. ಜೀಪಿನ ಹಿಂದಿನ ಆಕ್ಸಲಿಗೆ ನನ್ನನ್ನು ಕೂರಿಸಿದರು. ಮುಂದಿನ ಆಕ್ಸಲಿನಲ್ಲಿ ನನ್ನಂಥದೇ ಇನ್ನೊಂದು ಕೂತಿತು. ಅದನ್ನು ನಾನು ತಮ್ಮ ಎನ್ನುತ್ತೇನೆ.

ನಮ್ಮ ಕೆಲಸ ಸರಳ. ಜೀಪು ತಿರುವಿನಲ್ಲಿ ಹೊರಳುವಾಗ ಹೊರಬದಿಯ ಗಾಲಿ ಹೆಚ್ಚು ದೂರ ಓಡಬೇಕು, ಒಳಬದಿಯದು ಕಡಿಮೆ. ಎರಡನ್ನೂ ಒಂದೇ ಸರಳಿಗೆ ಬಿಗಿದುಬಿಟ್ಟರೆ ಟಯರು ಉಜ್ಜಿ ಸವೆದುಹೋಗುತ್ತವೆ. ನಾವು ನಡುವೆ ಕೂತು, ನೀನು ಬೇಗ ಹೋಗು, ನೀನು ನಿಧಾನ ಬಾ ಎಂದು ಬಿಟ್ಟುಕೊಡುತ್ತೇವೆ. ಬಲದಲ್ಲಿ ಮಾತ್ರ ಎರಡಕ್ಕೂ ಸಮ ಪಾಲು. ಈ ನ್ಯಾಯದ ಬಗ್ಗೆ ನನಗೆ ಬಹಳ ಜಂಬವಿತ್ತು. ಅದೇ ನನ್ನ ಕುತ್ತಿಗೆಗೆ ಬಂದದ್ದು ಎರೆಮಣ್ಣಿನಲ್ಲಿ.

ಮೊದಲ ಹನ್ನೆರಡು ವರ್ಷ ಸರಕಾರಿ ಕಚೇರಿಯೊಂದರ ಜೀಪಿನಲ್ಲಿದ್ದೆ. ಸಾಹೇಬರ ಪಾಲಿಶ್ ಮಾಡಿದ ಬೂಟು, ಡಾಂಬರು ರಸ್ತೆ, ಮಧ್ಯಾಹ್ನ ಬೇವಿನ ನೆರಳಲ್ಲಿ ನಿದ್ದೆ. ಸುಳ್ಳೇಕೆ ಹೇಳಲಿ, ಮೈ ಬಗ್ಗಿಸಿ ದುಡಿದದ್ದಿಲ್ಲ. ಆಮೇಲೆ ಹರಾಜಿನಲ್ಲಿ ನಮ್ಮನ್ನು ಕೊಂಡವನು ಗದಗಿನ ಕಡೆಯ ಹಳ್ಳಿಯ ಫಕ್ಕೀರಪ್ಪ. ಮೆಣಸಿನಕಾಯಿ ಚೀಲ, ಕೂಲಿ ಹೆಂಗಸರು, ಮದುವೆ ದಿಬ್ಬಣ, ಎಲ್ಲವನ್ನೂ ಹೇರುತ್ತಿದ್ದ. ಒಳ್ಳೆಯವನೇ, ಆದರೆ ಬಾಯಿ ಜೋರು. ನಾಕೂ ಗಾಲಿ ಎಳೆಯುವ ಗಾಡಿ ಎಂದು ಊರೆಲ್ಲ ಡಂಗುರ ಹೊಡೆದಿದ್ದ.

ಎರೆಭೂಮಿ ನೋಡಿದ್ದೀರಾ? ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಬೆಣ್ಣೆ. ಮೊದಲ ಮಳೆಗೇ ನಾವು ಹೂತುಕೊಂಡೆವು. ಜಾರುವ ಮಣ್ಣಿನಲ್ಲಿರುವ ಗಾಲಿ ತಿರುಗಲು ಬಲವೇ ಬೇಡ, ಪುಕ್ಕಟೆ ತಿರುಗುತ್ತದೆ. ಅದಕ್ಕೆ ಎಷ್ಟು ಬಲ ಹೋಯಿತೋ ಗಟ್ಟಿ ನೆಲದ ಗಾಲಿಗೂ ಅಷ್ಟೇ ಕೊಡುವವನು ನಾನು. ಚಿಟಿಕೆ ಬಲದಿಂದ ಜೀಪು ಏಳುತ್ತದೆಯೇ? ಒಂದು ಗಾಲಿ ಕುಣಿಯುತ್ತದೆ, ಇನ್ನೊಂದು ಕಲ್ಲಿನಂತೆ ನಿಂತಿರುತ್ತದೆ. ಕಡೆಗೆ ಎತ್ತು ಹೂಡಿ ಎಳೆಸಿದರು. ನನಗೆ ಅವನು ಗುಂಡು ಎನ್ನುತ್ತಿದ್ದ; ಹಿಂದಿನ ಗುಂಡು ಹಾಳಾಗಿದೆ ಎಂದು ಫಕ್ಕೀರಪ್ಪ ಊರ ಮುಂದೆ ನನಗೆ ಬೈದ. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನೋಣವೆಂದರೆ ನನಗೆ ಬಾಯಿಲ್ಲ.

ಅವನಿಗೆ ಒಬ್ಬಳು ಅಕ್ಕ, ಕಸ್ತೂರೆವ್ವ. ವಯಸ್ಸು ನಲವತ್ತೆರಡು. ಊರಿನ ಅಂಗನವಾಡಿಯಲ್ಲಿ ಹದಿನೇಳು ವರ್ಷದಿಂದ ಸಹಾಯಕಿ. ಅಡುಗೆ ಮಾಡುವುದು, ಕಸ ಹೊಡೆಯುವುದು, ಅಳುವ ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಬರುವುದು ಅವಳು. ಮಕ್ಕಳಿಗೆ ಅಕ್ಷರ ತಿದ್ದಿಸುವ ಕಾರ್ಯಕರ್ತೆ ಆ ವರ್ಷ ನಿವೃತ್ತಳಾಗುವವಳಿದ್ದಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಆ ಜಾಗ ಕಸ್ತೂರೆವ್ವನಿಗೆ, ಇಲ್ಲದಿದ್ದರೆ ಹೊರಗಿನವರಿಗೆ. ಎಲ್ಲ ವಿಷಯ ದಾಟಿದ್ದಳು, ಗಣಿತವೊಂದು ಎರಡು ಸಲ ಕೆಡವಿತ್ತು. ಜೂನ್ ತಿಂಗಳ ಪರೀಕ್ಷೆಯೇ ಕಡೆಯ ಅವಕಾಶ.

ಪರೀಕ್ಷೆಯ ದಿನ ಬೆಳಗಿನ ಜಾವದಿಂದಲೇ ಮಳೆ. ಬಸ್ಸು ಊರಿಗೆ ಬರಲಿಲ್ಲ. ಎಂಟೂವರೆಗೆ ಅಕ್ಕತಮ್ಮ ಜೀಪಿನಲ್ಲಿ ಪರೀಕ್ಷೆ ನಡೆಯುವ ಪಟ್ಟಣದ ಶಾಲೆಗೆ ಹೊರಟರು. ಹತ್ತೂವರೆಗೆ ಪರೀಕ್ಷೆ ಶುರು, ಆಮೇಲೆ ಗೇಟು ಹಾಕುತ್ತಾರೆ. ಕಸ್ತೂರೆವ್ವ ದಾರಿಯುದ್ದಕ್ಕೂ ಸಮಾಂತರ ಶ್ರೇಢಿಯ ಸೂತ್ರ ಬಾಯಿಪಾಠ ಹೇಳುತ್ತಿದ್ದಳು. ಹೊಲಗಳ ನಡುವಿನ ಎರಡು ಕಿಲೋಮೀಟರ್ ಎರೆದಾರಿಯಲ್ಲಿ ಅರ್ಧ ಹೋಗಿದ್ದೆವಷ್ಟೆ, ಜೀಪು ಮೆಲ್ಲಗೆ ಎಡಕ್ಕೆ ಜಾರಿತು. ಎಡಬದಿಯ ಎರಡೂ ಗಾಲಿ ತಗ್ಗಿನ ಕೆಸರಿಗೆ ಇಳಿದವು. ಬಲಬದಿಯವು ದಾರಿ ನಡುವಿನ ಹುಲ್ಲುಗಡ್ಡೆಯ ಮೇಲೆ ಉಳಿದವು.

ಫಕ್ಕೀರಪ್ಪ ಫೋರ್ ವೀಲ್ ಲಿವರ್ ಎಳೆದು ಎಕ್ಸಿಲೇಟರ್ ತುಳಿದ. ನನ್ನ ಎಡಗಾಲಿ ಭರ್ರನೆ ತಿರುಗಿತು, ಕೆಸರು ಆಳೆತ್ತರ ಹಾರಿತು. ಅವನು ಇನ್ನಷ್ಟು ತುಳಿದ, ಗಾಲಿ ಇನ್ನಷ್ಟು ಹೂತಿತು. ಒಂಬತ್ತು ದಾಟಿತು. ಕಸ್ತೂರೆವ್ವ ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಎತ್ತಿ ಕಟ್ಟಿ ಕೆಳಗಿಳಿದು ಸುತ್ತ ನೋಡಿದಳು.

"ಮುಂದಿನ ಗಾಲಿ ಒಂದೂ ತಿರಗವಲ್ವು ನೋಡೋ ತಮ್ಮಾ," ಎಂದಳು.

ಆಗ ಅವನಿಗೆ ನೆನಪಾಯಿತು. ಇಂಥ ಹಳೆಯ ಜೀಪಿನ ಮುಂದಿನ ಒಂದೊಂದು ಗಾಲಿಯ ನಟ್ಟನಡುವೆ ಗುಬ್ಬಿ ಎನ್ನುವ ಒಂದು ತಿರುಪು ಇರುತ್ತದೆ. ಅದನ್ನು ಕೈಯಿಂದ ತಿರುಗಿಸಿ ಕೂಡಿಸದಿದ್ದರೆ ಲಿವರ್ ಎಷ್ಟು ಎಳೆದರೂ ಬಲ ಗಾಲಿಗೆ ಮುಟ್ಟುವುದಿಲ್ಲ. ನಮ್ಮ ಕಡೆಯ ಜೀಪಿನವರು ಡೀಸೆಲ್ ಉಳಿಯುತ್ತದೆಂದು ಅದನ್ನು ಸದಾ ಬಿಡಿಸಿಯೇ ಇಡುತ್ತಾರೆ. ಪಾಪ, ಮುಂದಿನ ಆಕ್ಸಲಿನ ನನ್ನ ತಮ್ಮ ಅಷ್ಟು ಹೊತ್ತು ಗಾಳಿಯಲ್ಲಿ ಗಾಣ ತಿರುಗಿಸುತ್ತಿದ್ದ. ಫಕ್ಕೀರಪ್ಪ ನಾಲಿಗೆ ಕಚ್ಚಿಕೊಂಡು ಎರಡೂ ಗುಬ್ಬಿ ತಿರುಗಿಸಿದ.

ಆದರೂ ಜೀಪು ಏಳಲಿಲ್ಲ. ಈಗ ಹಿಂದಿನ ಎಡಗಾಲಿಯ ಜೊತೆ ಮುಂದಿನ ಎಡಗಾಲಿಯೂ ಕುಣಿಯಿತು, ಅಷ್ಟೇ ಬದಲು. ಬಲಗಾಲಿಗಳೆರಡೂ ಗಟ್ಟಿ ನೆಲದ ಮೇಲೆ ಸುಮ್ಮನೆ ನಿಂತಿದ್ದವು. ನಾಕು ಗಾಲಿಯ ಗಾಡಿ ಎನ್ನುತ್ತಾರಲ್ಲ, ನಮ್ಮ ನ್ಯಾಯ ಹೀಗೆ. ನನಗೆ ಅಳು ಬಂತು. ಅವಳ ಹದಿನೇಳು ವರ್ಷ ನನ್ನ ಸಮ ಪಾಲಿನಿಂದ ಹಾಳಾಗುತ್ತಿತ್ತು.

ಫಕ್ಕೀರಪ್ಪ ಸ್ಟೇರಿಂಗ್ ಮೇಲೆ ತಲೆಯಿಟ್ಟ. ಎತ್ತು ತರಲು ಊರಿಗೆ ಹೋಗಿ ಬರುವುದರಲ್ಲಿ ಹನ್ನೊಂದಾಗುತ್ತದೆ ಎಂದ. ಕಸ್ತೂರೆವ್ವ ಕೆಸರಿನಲ್ಲೇ ಜೀಪಿನ ಸುತ್ತ ಒಂದು ಸುತ್ತು ಹಾಕಿದಳು. ಕುಣಿದ ಗಾಲಿಯನ್ನೂ ನಿಂತ ಗಾಲಿಯನ್ನೂ ಮತ್ತೆ ಮತ್ತೆ ನೋಡಿದಳು. ಆಮೇಲೆ ತಮ್ಮನ ಹತ್ತಿರ ಹೋದಳು.

"ಅಂಗನವಾಡ್ಯಾಗ ಒಂದು ಹುಡುಗ ಎಲ್ಲಾ ಆಟಗಿ ಸಾಮಾನ ತಾನ ಹಿಡ್ಕೊಂಡು ಕುಣಿತಿದ್ರ ನಾ ಅವನ ಕೈ ಮೆಲ್ಲಕ ಹಿಡಿತೇನಿ. ಆಗ ಬಾಜೂದಾಂವಗೂ ಸಿಗತೈತಿ. ಆ ಕುಣಿಯೂ ಗಾಲಿನ ಹಂಗ ಒಂಚೂರು ಹಿಡಿ. ಬ್ರೇಕ್ ಒತ್ತು."

"ಎಕ್ಸಿಲೇಟರೂ ಬ್ರೇಕೂ ಕೂಡೇ ಒತ್ತಂತೀ? ಗಾಡಿ ಹಾಳಾಗಿ ಹೊಕ್ಕೈತಕ್ಕಾ."

"ಗಾಡಿ ಹಾಳಾದ್ರ ರಿಪೇರಿ ಮಾಡ್ಸೋಣು. ಈ ಪರೀಕ್ಷಾ ಮತ್ತ ಬರೂದಿಲ್ಲ."

ಅವನು ಒಂದು ಕಾಲಿನಿಂದ ಎಕ್ಸಿಲೇಟರ್ ಮೆಲ್ಲಗೆ ತುಳಿದು, ಇನ್ನೊಂದರಿಂದ ಬ್ರೇಕನ್ನು ಅರೆಬರೆ ಒತ್ತಿದ. ಪುಕ್ಕಟೆ ತಿರುಗುತ್ತಿದ್ದ ಎಡಗಾಲಿಗೆ ಈಗ ತಿರುಗಲು ಬಲ ಬೇಕಾಯಿತು. ಅದು ಎಷ್ಟು ಕೇಳಿತೋ ಅಷ್ಟನ್ನೇ ಬಲಗಾಲಿಗೂ ಕೊಟ್ಟೆ. ನನ್ನ ನ್ಯಾಯ ಬದಲಾಗಲಿಲ್ಲ, ಪಾಲು ದೊಡ್ಡದಾಯಿತು. ಮುಂದಿನ ಆಕ್ಸಲಿನಲ್ಲಿ ನನ್ನ ತಮ್ಮನೂ ಹಾಗೇ ಮಾಡಿದ. ನಿಂತಿದ್ದ ಬಲಗಾಲಿಗಳು ಹುಲ್ಲುಗಡ್ಡೆ ಕಚ್ಚಿದವು. ಜೀಪು ನರಳಿತು, ಅಲುಗಿತು, ಒಂದು ಗೇಣು ಮುಂದೆ ಬಂತು, ಮತ್ತೊಂದು ಗೇಣು ಬಂತು. ಇನ್ನೇನು ಮೇಲೆ ಬಂದೆವು ಎನ್ನುವಾಗ ನನ್ನೊಳಗೆ ಟಕ್ಕೆಂದಿತು. ನನ್ನ ಹಲ್ಲೊಂದು ಮುರಿದಿತ್ತು.

ದಾರಿಗೆ ಬಂದ ಮೇಲೆ ಸುತ್ತಿಗೊಮ್ಮೆ ಕಟ್ ಕಟ್ ಎನ್ನುತ್ತಿದ್ದೆ. ಫಕ್ಕೀರಪ್ಪ ಕೇಳಿಸಿಕೊಂಡೂ ಗಾಡಿ ನಿಲ್ಲಿಸಲಿಲ್ಲ. ಮುರಿದ ಚೂರು ಉಳಿದ ಹಲ್ಲುಗಳ ನಡುವೆ ಸಿಕ್ಕರೆ ಗಾಲಿಗಳೇ ಬಿಗಿದು ನಿಲ್ಲುತ್ತವೆ. ದೇವರೇ, ಗೇಟಿನ ತನಕ, ಆಮೇಲೆ ಏನಾದರೂ ಆಗಲಿ ಎಂದುಕೊಂಡು ಉಸಿರು ಬಿಗಿಹಿಡಿದೆ. ಹತ್ತು ಇಪ್ಪತ್ತಕ್ಕೆ ಶಾಲೆಯ ಮುಂದೆ ನಿಂತೆವು. ಮೊಣಕಾಲ ತನಕ ಕೆಸರು ಮೆತ್ತಿಕೊಂಡ ಕಸ್ತೂರೆವ್ವ ಹಾಲ್ ಟಿಕೆಟ್ ಎತ್ತಿ ಹಿಡಿದು ಗೇಟಿನೊಳಗೆ ಓಡಿದಳು. ಹೋದ ಜೀವ ಬಂದಂತಾಯಿತು.

ಆ ವಾರವೇ ನನ್ನನ್ನು ಬಿಚ್ಚಿದರು. ಮೆಕ್ಯಾನಿಕ್ ಹಜರೇಸಾಬ ಜೀಪಿಗೆ ಬೇರೆ ಡಿಫರೆನ್ಷಿಯಲ್ ಕೂರಿಸಿ, ನನ್ನನ್ನು ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಟಯರಿನ ಮೇಲೆ ಇಟ್ಟ. ಒಂದು ತಿಂಗಳು ಅಲ್ಲಿ ಬಿದ್ದಿದ್ದೆ. ಫಲಿತಾಂಶ ಏನಾಯಿತೆಂದು ಹೇಳುವವರಿಲ್ಲ. ಹಲ್ಲಿಲ್ಲದ ಚಿಂತೆಗಿಂತ ಆ ಚಿಂತೆ ದೊಡ್ಡದಾಗಿತ್ತು. ಈಗ ಬರುವ ಹೊಸ ಗಾಡಿಗಳಿಗೆ ಗುಂಡಿ ಒತ್ತಿದರೆ ಎರಡೂ ಗಾಲಿಯನ್ನು ಕೂಡಿಸಿ ಬಿಗಿಯುವ ಡಿಫರೆನ್ಷಿಯಲ್ ಇರುತ್ತದಂತೆ. ಗಿರಾಕಿಗಳು ಹೊಗಳುವುದನ್ನು ಕೇಳಿ ಕೇಳಿ ಸಾಕಾಯಿತು. ಇರಲಿ, ಅವೂ ಬದುಕಲಿ.

ಒಂದು ಮಧ್ಯಾಹ್ನ ಅಕ್ಕತಮ್ಮ ಬಂದರು. ಕಸ್ತೂರೆವ್ವ ಹಜರೇಸಾಬನ ಕೈಗೆ ಪೇಡೆಯ ಪೊಟ್ಟಣ ಕೊಟ್ಟಳು. ಎಷ್ಟು ಬಂದವು ಎಂದು ಅವನು ಕೇಳಿದ.

"ಮೂವತ್ತಾರು ಅಣ್ಣಾ. ಪಾಸಾಗಾಕ ಮೂವತ್ತೈದು ಬೇಕಿತ್ತು," ಎಂದು ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ಸೋಮವಾರದಿಂದ ಮಕ್ಕಳು ಅವಳನ್ನು ಟೀಚರ್ ಎನ್ನುತ್ತವಂತೆ.

ಆ ಕ್ಷಣಕ್ಕೆ ನನ್ನ ಹೊಟ್ಟೆಯಲ್ಲಿ ತೊಟ್ಟು ಎಣ್ಣೆ ಇರಲಿಲ್ಲ, ಆದರೂ ಮೈಯೆಲ್ಲ ತಂಪಾಯಿತು. ನಾಳೆ ಗುಜರಿಯವನು ಬಂದು ತೂಕಕ್ಕೆ ಹಾಕಿಕೊಂಡು ಹೋಗಲಿ, ನನಗೇನೂ ಬೇಸರವಿಲ್ಲ. ಒಂದು ಹಲ್ಲು ಕೊಟ್ಟು ಮೂವತ್ತಾರು ಅಂಕ ತಂದವನು ನಾನು. ಲುಕ್ಸಾನಂತೂ ಅಲ್ಲ.