ದೂರಿನ ಗೂಟ

ಹೊದಿಕೆಯ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಸೊಸೆಯ ಕೈಯಲ್ಲಿ. ಹಿಂಡುವಾಗ ಇಬ್ಬರೂ ಅವರವರ ಬಲಕ್ಕೇ ತಿರುಚಬೇಕು. ಒಬ್ಬರು ಎಡಕ್ಕೆ ಹೊರಟರೆ ನೀರು ಬೀಳುವುದಿಲ್ಲ, ಬರೀ ಹಗ್ಗದಾಟವಾಗುತ್ತದೆ. ಅರ್ಧ ಹಿಂಡಿದ್ದೆವು, ಅಷ್ಟರಲ್ಲಿ ಅವಳ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಗುಂಯ್ ಅಂದಿತು. ತೋಳಿಗೆ ಕೈ ಒರೆಸಿಕೊಂಡು ನೋಡಿದಳು.

"ಅತ್ತೆ, ನಿಮ್ಮ ಪುಟ ತೆಗೆದುಹಾಕಿದ್ದಾರೆ."

"ಮೊದಲು ಹಿಂಡು. ಪುಟ ಎಲ್ಲಿಗೆ ಓಡಿಹೋಗುತ್ತೆ?"

"ಓಡಿಹೋಗಿದೆ ಅಂತಲೇ ಹೇಳ್ತಿರೋದು."

ನಮ್ಮದು ಬಟ್ಟೆ ಒಗೆಯುವ ಅಂಗಡಿ. ನಾನು ಅಕ್ಷರ ಕಲಿತಿದ್ದು ಐವತ್ತೊಂಬತ್ತನೇ ವಯಸ್ಸಿನಲ್ಲಿ, ರಾತ್ರಿ ಶಾಲೆಯಲ್ಲಿ. ಅದಾದ ಮೇಲೆ ಸೊಸೆ ಒಂದು ಜಾಲತಾಣದಲ್ಲಿ ನನ್ನ ಹೆಸರಿಗೆ ಪುಟ ತೆರೆದುಕೊಟ್ಟಳು. ಅಲ್ಲಿ ಯಾರು ಬೇಕಾದರೂ ತಮಗೆ ಗೊತ್ತಿದ್ದನ್ನು ವಿಡಿಯೋ ಮಾಡಿ ಹಾಕಬಹುದು. ನನಗೆ ಗೊತ್ತಿದ್ದದ್ದು ಕಲೆ ತೆಗೆಯುವುದು. ಶಾಯಿ, ತುಕ್ಕು, ಮೇಣ, ಕಾಲರಿನ ಬೆವರು, ಒಂದೊಂದಕ್ಕೂ ಒಂದೊಂದು ಪಾಠ. ಹೀಗೆ ಮುನ್ನೂರ ನಲವತ್ತು ಪಾಠಗಳಾಗಿದ್ದವು. ವಿಡಿಯೋ ಹಿಡಿಯುವುದು ಸೊಸೆ. ತಲೆಬರಹ ಮಾತ್ರ ನಾನೇ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೆ. ಅದನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಫೋನಿನಲ್ಲಿ ಜಾಗ ಸಾಲದೆ ಹಳೆಯದನ್ನೆಲ್ಲ ಅಳಿಸುತ್ತಾ ಬಂದಿದ್ದೆವು. ಎಲ್ಲ ಪಾಠವೂ ಆ ಪುಟದಲ್ಲೇ ಇದ್ದವು, ಬೇರೆಲ್ಲೂ ಇರಲಿಲ್ಲ. ಈಗ ಆ ಜಾಗದಲ್ಲಿ ಬೂದು ಬಣ್ಣದ ಒಂದು ಚೌಕ. ಸೊಸೆ ಓದಿದಳು: "ನಿಮ್ಮ ಪುಟದ ಬಗ್ಗೆ ದೂರು ಬಂದಿದೆ. ನೀವು ನಿಯಮ ಮೀರಿದ್ದೀರಿ. ಮೂವತ್ತು ದಿನಗಳ ನಂತರ ಎಲ್ಲವೂ ಶಾಶ್ವತವಾಗಿ ಅಳಿಸಿಹೋಗುತ್ತದೆ."

"ಯಾವ ನಿಯಮವಂತೆ?"

"ಹಾಕಿಲ್ಲ."

"ದೂರು ಏನಂತೆ?"

"ಅದೂ ಹಾಕಿಲ್ಲ."

ಕೆಳಗೆ ಮನವಿಯ ಗುಂಡಿ ಇತ್ತು. ಒತ್ತಿದೆವು. ಬೆರಳು ತೆಗೆಯುವ ಮೊದಲೇ ಉತ್ತರ ಬಂತು: ಪರಿಶೀಲಿಸಿದ್ದೇವೆ, ನಿರ್ಧಾರದಲ್ಲಿ ಬದಲಾವಣೆ ಇಲ್ಲ.

"ಇಷ್ಟು ಬೇಗ ನಿಮ್ಮ ಮಗನೂ ನನಗೆ ಉತ್ತರ ಕೊಟ್ಟಿದ್ದಿಲ್ಲ," ಅಂದಳು ಸೊಸೆ.

ವಾರಕ್ಕೊಂದರಂತೆ ಮೂರು ಸಲ ಒತ್ತಿದೆವು. ಮೂರು ಸಲವೂ ಅದೇ ಮಾತು. ಇಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹಬ್ಬಿತ್ತು. ಎದುರುಗಡೆ ಇಸ್ತ್ರಿ ಅಂಗಡಿಯವಳು ಬಾಗಿಲಿಗೇ ಬಂದು ಕೇಳಿದಳು: "ಏನಕ್ಕಾ, ಈ ವಯಸ್ಸಲ್ಲಿ ಅಂಥಾದ್ದೇನು ತೋರಿಸಿದ್ರಿ?"

"ಇನ್ನೊಬ್ಬರ ಚಡ್ಡಿ ಒಗೆಯೋದನ್ನ," ಅಂದೆ. ನಕ್ಕಳು. ಆದರೆ ಹೋಗುವಾಗ ಒಂದು ಸಲ ತಿರುಗಿ ನೋಡಿ ಹೋದಳು. ಆ ನೋಟ ನನಗೆ ನಾಟಿತು.

ಇಪ್ಪತ್ತನಾಲ್ಕನೇ ದಿನ ಸೊಸೆ ತಾಣದ ತಳದಲ್ಲಿ ಇರುವೆಯಂಥ ಅಕ್ಷರಗಳಲ್ಲಿ ಒಂದು ವಿಳಾಸ ಕಂಡುಹಿಡಿದಳು. ನಮ್ಮ ಭಾಷೆಯ ದೂರುಗಳನ್ನು ನೋಡುವ ಕಚೇರಿ ನಮ್ಮೂರಿನಲ್ಲೇ ಇತ್ತು, ಎರಡು ಬಸ್ಸು ಬದಲಿಸಿದರೆ ಸಿಗುವಷ್ಟು ಹತ್ತಿರ. ಅಂಗಡಿ ಅವಳಿಗೆ ಬಿಟ್ಟು ಹೊರಟೆ.

ಮೂರನೇ ಮಹಡಿ. ಗಾಜಿನ ಬಾಗಿಲಿನ ಪಕ್ಕ ಕಾವಲಿನವನು ದಪ್ಪ ನೋಂದಣಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದ.

"ದೂರು ಏನಿದ್ದರೂ ಆನ್‌ಲೈನಿನಲ್ಲೇ ಅಮ್ಮ."

"ಆನ್‌ಲೈನಿನಲ್ಲಿ ನಾನೆಲ್ಲಿದ್ದೀನಪ್ಪ? ತೆಗೆದುಹಾಕಿದ್ದೀರಲ್ಲ."

ಅವನಿಗೆ ಏನನ್ನಿಸಿತೋ, ಪೆನ್ನು ತೆಗೆದ. ಹೆಸರು ಬರೆದ, ಬಂದ ಹೊತ್ತು ಬರೆದ. "ಕಾರಣ?" ಅಂದ.

"ಅದನ್ನ ಕೇಳೋಕೇ ಬಂದಿದ್ದೀನಿ."

"ಹಾಗಲ್ಲಮ್ಮ. ಈ ಕಾಲಂ ತುಂಬಬೇಕು. ಕಾರಣ ಬರೆಯದೆ ಒಬ್ಬರನ್ನೂ ಒಳಗೆ ಬಿಡೋ ಹಾಗಿಲ್ಲ."

"ಕಾರಣ ಬರೆಯದೆ ಹೊರಗೆ ಹಾಕಬಹುದಾ?"

ಹಿಂದೆ ಯಾರೋ ಕೆಮ್ಮಿದರು. ಊಟದ ಡಬ್ಬಿ ಹಿಡಿದ ನಡುವಯಸ್ಸಿನ ಮನುಷ್ಯ, ತೋಳು ಮಡಚಿದ ನೀಲಿ ಅಂಗಿ. ದೂರುಗಳ ಅಧಿಕಾರಿಯೇ ಅವರು. ಪುಸ್ತಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಕಾರಣದ ಜಾಗದಲ್ಲಿ ನನ್ನ ಹೆಸರು ಬರ್ಕೊಳ್ಳಿ," ಎಂದು ಕಾವಲಿನವನಿಗೆ ಹೇಳಿ ಬಾಗಿಲು ತೆರೆದು ಹಿಡಿದರು.

ಒಳಗೆ ಸಾಲು ಮೇಜುಗಳು. ಕಿಟಕಿಗಳಿಗೆಲ್ಲ ಪರದೆ ಎಳೆದಿದ್ದರು. ದೂರುಗಳನ್ನು ಪರಿಶೀಲಿಸುವ ಹುಡುಗಿಯೊಬ್ಬಳು ನನ್ನ ಪುಟದ ಹೆಸರು ಕೇಳಿ ಹುಡುಕಿದಳು. ಸಿಕ್ಕಿತು. ಓದಿದಳು. ಕುರ್ಚಿಯನ್ನು ನನ್ನಿಂದ ಒಂದು ಗೇಣು ಹಿಂದಕ್ಕೆ ಸರಿಸಿಕೊಂಡಳು.

"ಸರ್, ಇಲ್ಲಿ ಬನ್ನಿ."

ಅವರೂ ಬಗ್ಗಿ ಓದಿ ನನ್ನ ಕೈಗಳನ್ನು ನೋಡಿದರು. "ಈ ತಲೆಬರಹ ನೀವೇ ಬರೆದಿದ್ದಾ?"

"ಎಲ್ಲ ನಾನೇ," ಅಂದೆ, ಸ್ವಲ್ಪ ಜಂಬದಿಂದಲೇ.

ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದೆ: "ಮಕ್ಕಳ ಕೊಲೆ: ಮನೆಯಲ್ಲೇ, ಕೈಯಿಂದಲೇ. ಕುದಿಯುವ ನೀರು ಬೇಡ, ಉಗುರುಬೆಚ್ಚಗಿದ್ದರೆ ಸಾಕು."

ಅಯ್ಯೋ, ನನ್ನ ಬೆರಳೇ! ರಾತ್ರಿ ಶಾಲೆಯ ಮೇಷ್ಟ್ರು ತಲೆ ಚಚ್ಚಿಕೊಂಡರೂ ಲ ಮತ್ತು ಳ ನನ್ನ ಕೈಯಲ್ಲಿ ಜಾಗ ಬದಲಿಸುವುದನ್ನು ಬಿಟ್ಟಿರಲಿಲ್ಲ. 'ಮಕ್ಕಳ' ಅನ್ನುವಲ್ಲಿ ಸರಿಯಾಗಿ ಬಿದ್ದಿದ್ದ ಳ, ಪಕ್ಕದ ಮಾತಿನಲ್ಲೇ ಕೈಕೊಟ್ಟಿತ್ತು.

"ಕೊಳೆ ತಾಯಿ, ಕೊಳೆ!" ಅಂದೆ. "ಮಕ್ಕಳ ಬಟ್ಟೆಯ ಕೊಳೆ! ವಿಡಿಯೋ ಹಾಕಿ ನೋಡಿ."

ಹುಡುಗಿ ಹಾಕಿದಳು. ಒಂದು ಬೋಗುಣಿ, ನನ್ನ ಎರಡು ಕೈ, ಎಳೆಗೂಸಿನ ಅಂಗಿ, ಎದೆಯ ಮೇಲೆ ಹಾಲಿನ ಕಲೆ. "ಉಜ್ಜಬೇಡಿ, ಮೆಲ್ಲಗೆ ತಟ್ಟಿ," ಎನ್ನುವ ನನ್ನ ದನಿ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು, ಭುಜ ಕುಲುಕತೊಡಗಿತು. ಅಧಿಕಾರಿ ಡಬ್ಬಿ ಮೇಜಿನ ಮೇಲಿಟ್ಟು ಕಣ್ಣೀರು ಬರುವಷ್ಟು ನಕ್ಕರು. ಅಕ್ಕಪಕ್ಕದ ಮೇಜಿನವರೂ ಬಂದು ನಿಂತು ನೋಡಿದರು.

ನಗು ಇಳಿದ ಮೇಲೆ ಕೇಳಿದೆ: "ಇಷ್ಟು ದಿನ ಇದನ್ನ ಯಾರೂ ನೋಡಲೇ ಇಲ್ವಾ?"

ಹುಡುಗಿ ತಲೆ ತಗ್ಗಿಸಿದಳು. "ಒಂದು ದೂರಿಗೆ ನಲವತ್ತು ಸೆಕೆಂಡು ಅಜ್ಜಿ. ತಲೆಬರಹ ಓದೋದು, ಗುಂಡಿ ಒತ್ತೋದು. ಮನವಿ ನಮ್ಮ ತನಕ ಬರಲ್ಲ, ಯಂತ್ರವೇ ವಾಪಸು ಕಳಿಸುತ್ತೆ."

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ನಲವತ್ತು ಸೆಕೆಂಡಿನಲ್ಲಿ ನಾನು ಒಂದು ಅಂಗಿಯ ಗುಂಡಿಗಳನ್ನೂ ಬಿಚ್ಚಲಾರೆ.

"ದೂರು ಕೊಟ್ಟವರದು ತಪ್ಪಿಲ್ಲ," ಅಂದೆ. "ನಾನು ಬರೆದದ್ದು ತಪ್ಪು, ಅವರು ಓದಿದ್ದು ಸರಿ. ಅವರಿಗೆ ಏನಂತ ಹೇಳಿದಿರಿ?"

"ಅವರ ಹೆಸರು ಹೇಳೋ ಹಾಗಿಲ್ಲಮ್ಮ," ಅಂದರು ಅಧಿಕಾರಿ.

"ಹೆಸರು ಯಾರಿಗೆ ಬೇಕು? ಅವರಿಗೆ ಉತ್ತರ ಏನು ಹೋಯಿತು ಅಂತ ಕೇಳಿದ್ದು."

"ಏನೂ ಹೋಗಿಲ್ಲ."

"ಪಾಪ. ಎಲ್ಲೋ ಒಬ್ಬಳು ಮುದುಕಿ ಮಕ್ಕಳನ್ನ ಬೆಚ್ಚಗಿನ ನೀರಲ್ಲಿ ಮುಳುಗಿಸ್ತಿದ್ದಾಳೆ ಅಂದ್ಕೊಂಡು ಇಪ್ಪತ್ತನಾಲ್ಕು ದಿನದಿಂದ ಅನ್ನ ನಿದ್ದೆ ಬಿಟ್ಟಿರಬೇಕು ಆ ಜೀವ."

ಯಾರೂ ನಗಲಿಲ್ಲ. ಅಧಿಕಾರಿ ಕುರ್ಚಿ ಎಳೆದು ನನ್ನ ಎದುರು ಕೂತರು. "ನಿಮ್ಮ ಅಂಗಡಿಗೆ ದೂರು ಬಂದರೆ ನೀವೇನು ಮಾಡ್ತೀರಿ?"

ಹೇಳಿದೆ. ಅಂಗಡಿಯಲ್ಲಿ ಒಂದು ಗೂಟವಿದೆ. ಯಾರಾದರೂ 'ನನ್ನ ಸೀರೆ ಹಾಳುಮಾಡಿದಿರಿ' ಎಂದು ಬಂದರೆ ಸೀರೆ ಆ ಗೂಟಕ್ಕೆ ಹೋಗುತ್ತದೆ. ತೀರ್ಮಾನವಾಗುವ ತನಕ ಅದನ್ನು ಕತ್ತರಿಸುವುದಿಲ್ಲ, ಮಾರುವುದಿಲ್ಲ, ಇನ್ನೊಂದು ಸಲ ನೀರಿಗೂ ಹಾಕುವುದಿಲ್ಲ. ಬಂದ ದಿನ ಯಾವ ಕಲೆ ಇತ್ತೆಂದು ಚೀಟಿಯಲ್ಲಿ ಬರೆದು ಪಿನ್ನು ಚುಚ್ಚಿರುತ್ತೇವೆ, ಅದನ್ನು ಓದುತ್ತೇನೆ. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೂ ಮಗ್ಗುಲು ನೋಡುತ್ತೇನೆ. ತಂದವರನ್ನು ಕೇಳುತ್ತೇನೆ, ಒಗೆದವರನ್ನೂ ಕೇಳುತ್ತೇನೆ. ಕೊನೆಗೆ ಏನು ಕಂಡಿತು ಎನ್ನುವುದನ್ನು ಇಬ್ಬರಿಗೂ ಹೇಳುತ್ತೇನೆ. ಒಪ್ಪದಿದ್ದರೆ ಇನ್ನೊಮ್ಮೆ ನೋಡುವುದು ನಾನಲ್ಲ, ಸೊಸೆ.

"ನೋಡೋ ತನಕ ಕಾಯೋಕಾಗದ ದೂರೂ ಇರುತ್ತಲ್ಲ?"

"ಇರುತ್ತೆ. ಬಟ್ಟೆಗೆ ಬೆಂಕಿ ತಗುಲಿದ್ದರೆ ಮೊದಲು ನೀರಿಗೆ ಅದ್ದು, ಆಮೇಲೆ ವಿಚಾರಿಸು. ನನ್ನ ತಲೆಬರಹ ಕಂಡ ಕೂಡಲೇ ನೀವು ಮುಚ್ಚಿಟ್ಟದ್ದು ಸರಿಯೇ. ಮುಚ್ಚಿಟ್ಟು ಮರೆತಿರಲ್ಲ, ಅದು ತಪ್ಪು."

ಅವರು ತಮ್ಮ ಕಂಪ್ಯೂಟರಿನಲ್ಲಿ ಏನನ್ನೋ ತೆರೆದರು. ಅದೊಂದು ಪತ್ರ. ಯಾವ ದೂರು ಬಂತು, ಯಾವ ನಿಯಮ, ನೋಡಿದವರು ಯಾರು, ಏನು ಕಂಡಿತು, ಒಪ್ಪದಿದ್ದರೆ ಯಾವ ಮನುಷ್ಯರನ್ನು ಕೇಳಬೇಕು, ಎಲ್ಲಕ್ಕೂ ಜಾಗ ಬಿಟ್ಟು ಬರೆದಿತ್ತು. ದೂರು ಕೊಟ್ಟವರಿಗೆ ಒಂದು ಪ್ರತಿ, ವಿಡಿಯೋ ಹಾಕಿದವರಿಗೆ ಒಂದು ಪ್ರತಿ.

"ಇದನ್ನ ಬರೆದು ಎಂಟು ತಿಂಗಳಾಯ್ತು," ಅಂದರು. "ಮೇಲಿನವರು ಒಪ್ಪಬೇಕು."

"ಬೇಡ ಅಂದ್ರಾ?"

"ಬೇಡ ಅನ್ನಲಿಲ್ಲ. ಏನೂ ಅನ್ನಲಿಲ್ಲ."

"ಅಂದ್ರೆ ನಿಮ್ಮ ಮನವಿಗೂ ಉತ್ತರ ಬಂದಿಲ್ಲ ಅನ್ನಿ."

ಹುಡುಗಿ ಫಕ್ಕನೆ ನಕ್ಕಳು. ಅಧಿಕಾರಿಯ ಮುಖ ಕೆಂಪಾಯಿತು. ಎದ್ದು ಫೋನಿನ ಗುಂಡಿಗಳನ್ನು ಒತ್ತಿದರು, ಎಲ್ಲರಿಗೂ ಕೇಳುವ ಹಾಗೆ ದನಿ ಹೆಚ್ಚಿಸಿದರು. ಆ ತುದಿಯಲ್ಲಿ ಅವರ ಮೇಲಧಿಕಾರಿ, ಗಡಸು ದನಿಯ ಹೆಂಗಸು. ಅಧಿಕಾರಿ ಪೀಠಿಕೆಯಿಲ್ಲದೆ ನನ್ನ ತಲೆಬರಹ ಓದಿ, ದೂರು ಬಂದು ಇಪ್ಪತ್ತನಾಲ್ಕು ದಿನವಾಯಿತು ಎಂದು ಹೇಳಿದರು.

ಆ ಕಡೆಯಿಂದ ಕೂಡಲೇ ಕೇಳಿಬಂತು: "ಪೊಲೀಸರಿಗೆ ತಿಳಿಸಿದಿರಾ?"

"ಇಲ್ಲ ಮೇಡಂ."

"ಇಪ್ಪತ್ತನಾಲ್ಕು ದಿನ! ಯಾಕೆ?"

"ಯಾರೂ ನೋಡಿರಲಿಲ್ಲ. ಇದು ಒಬ್ಬ ಅಜ್ಜಿ ಹಾಕಿದ ಬಟ್ಟೆ ಒಗೆಯೋ ಪಾಠ, ಒಂದು ಅಕ್ಷರ ತಪ್ಪಿದೆ, ಅಷ್ಟೇ. ಆದರೆ ನಿಜವಾದ ಕೊಲೆಯಾಗಿದ್ದರೂ ನಾವು ಇಷ್ಟೇ ಮಾಡ್ತಿದ್ದಿದ್ದು ಮೇಡಂ. ಗುಂಡಿ ಒತ್ತಿ ಸುಮ್ಮನಾಗ್ತಿದ್ವಿ."

ನಾನು ಸೆರಗಿನ ತುದಿ ಹಿಡಿದುಕೊಂಡು ಕಾದೆ. ಕಾಯುವುದು ನನಗೆ ಹೊಸದಲ್ಲ.

"ನಿಮ್ಮ ಪತ್ರ ಇವತ್ತಿಂದಲೇ ಶುರುಮಾಡಿ," ಅಂದಿತು ಗಡಸು ದನಿ. "ನಲವತ್ತು ಸೆಕೆಂಡಿನ ಮಿತಿ ನಾನು ತೆಗೆಸ್ತೀನಿ. ಆ ಅಜ್ಜಿಯ ಪುಟ ಈಗಲೇ ವಾಪಸು ಹಾಕಿ."

ಮೇಜುಗಳಿಂದ ಚಪ್ಪಾಳೆ ಎದ್ದಿತು. ಯಾರೋ ಪರದೆ ಸರಿಸಿದರು, ಕಿಟಕಿಯ ಬೆಳಕು ಮೇಜುಗಳ ಮೇಲೆ ಬಿತ್ತು. ಹುಡುಗಿ ಒಂದೆರಡು ಸಲ ಒತ್ತಿದಳು. ಬೂದು ಚೌಕ ಹೋಗಿ ನನ್ನ ಮುನ್ನೂರ ನಲವತ್ತು ಪಾಠಗಳು ಸಾಲಾಗಿ ಬಂದು ನಿಂತವು. ತಲೆಬರಹ ತಿದ್ದಲು ಅವಳು ಕೈ ಚಾಚಿದಳು.

"ಕೊಡಿಲ್ಲಿ," ಅಂದೆ. ಹುಡುಕಿ ಹುಡುಕಿ ನಾನೇ ಒತ್ತಿದೆ.

ಮೊದಲ ಪತ್ರ ದೂರು ಕೊಟ್ಟವರಿಗೆ ಅಂತ ತೀರ್ಮಾನವಾಯಿತು. ಅಧಿಕಾರಿ ಹೇಳುತ್ತಾ ಹೋದರು, ಹುಡುಗಿ ತುಂಬುತ್ತಾ ಹೋದಳು. ನೋಡಿದವರು ಯಾರು ಅನ್ನುವಲ್ಲಿ ತನ್ನ ಹೆಸರು ಬರೆದಳು. ಏನು ಕಂಡಿತು ಅನ್ನುವಲ್ಲಿ ತಡೆದು ನನ್ನ ಮುಖ ನೋಡಿದಳು.

"ಬರ್ಕೋ," ಅಂದೆ. "ನೀವು ದೂರು ಕೊಟ್ಟಿದ್ದು ಒಳ್ಳೆಯದಾಯಿತು. ಮಕ್ಕಳೆಲ್ಲ ಚೆನ್ನಾಗಿದ್ದಾರೆ. ಹೋಗಿದ್ದು ಕೊಳೆ ಮಾತ್ರ."

ಅಧಿಕಾರಿ ಒಮ್ಮೆ ಜೋರಾಗಿ ಓದಿಸಿದರು. ಒಂದು ಮಾತೂ ಬದಲಿಸಲಿಲ್ಲ. ಎಂಟು ತಿಂಗಳು ಕೂತಿದ್ದ ಪತ್ರದ ಮೇಲೆ ಬೆರಳಿಟ್ಟು ಕಳಿಸುವ ಗುಂಡಿ ಒತ್ತಿದರು.